ಅಡುಗೆಮನೆಗೆ ಬಂದ ಈಜಿಪ್ಟಿನ ಮುಷ್ಕರ

ನಾಗಮಣಿ ಆಮ್ಸ್ಟೆಲ್‌ವೀನಿಗೆ ಬಂದದ್ದು ಮಗನ ಮನೆ ನೋಡುವುದಕ್ಕೆ. ಮನೆ ನೋಡಿ ಮುಗಿಯುವುದಕ್ಕೆ ಎರಡು ದಿನ ಸಾಕಾಯಿತು. ಮೂರನೆಯ ದಿನದಿಂದ ಅಡುಗೆ ಶುರುವಾಯಿತು. ಅದು ಎರಡು ಸಾವಿರದ ಇಪ್ಪತ್ತನೆಯ ಇಸವಿಯ ಫೆಬ್ರವರಿ. ಮಾರ್ಚಿನಲ್ಲಿ ಶಾಲೆ ಮುಚ್ಚಿತು, ಕಚೇರಿ ಮುಚ್ಚಿತು, ವಿಮಾನ ನಿಂತಿತು, ಕ್ಷೌರದಂಗಡಿಗೂ ಬೀಗ ಬಿತ್ತು. ಮುಚ್ಚದೆ ಉಳಿದದ್ದು ನಾಗಮಣಿಯವರ ಅಡುಗೆಮನೆ ಒಂದೇ.

ಮನೆಯಲ್ಲಿದ್ದದ್ದು ಐದು ಜನ. ಮಗ ಚಿರಂತನ ಮೇಲಿನ ಸಣ್ಣ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ. ಸೊಸೆ ಪೂಜಿತಾಳಿಗೆ ಕೋಣೆ ಸಿಗಲಿಲ್ಲ; ಅವಳು ಮಲಗುವ ಮನೆಯಲ್ಲಿ ಇಸ್ತ್ರಿ ಹಲಗೆಯನ್ನೇ ಮೇಜು ಮಾಡಿಕೊಂಡು ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟು ನಿಂತೇ ಕೆಲಸ ಮಾಡುತ್ತಿದ್ದಳು. ಒಂಬತ್ತು ವರ್ಷದ ಮೊಮ್ಮಗಳು ಹಿತಾಳ ಶಾಲೆ ಊಟದ ಮೇಜಿನ ಮೇಲೆ. ಗಂಡ ತಿಮ್ಮಯ್ಯನವರು ಸೋಫಾದ ಮೇಲೆ. ತಿಮ್ಮಯ್ಯ ನಿವೃತ್ತರು, ಆದ್ದರಿಂದ ಅವರಿಗೆ ಯಾವ ಕೆಲಸವೂ ಇರಲಿಲ್ಲ. ನಾಗಮಣಿಯವರು ಯಾವತ್ತೂ ಯಾವ ಕೆಲಸಕ್ಕೂ ಸೇರಿರಲಿಲ್ಲ, ಆದ್ದರಿಂದ ಅವರಿಗೆ ನಿವೃತ್ತಿಯೂ ಇರಲಿಲ್ಲ.

ಬೆಳಿಗ್ಗೆ ಆರಕ್ಕೆ ಕಾಫಿ. ಎಂಟಕ್ಕೆ ತಿಂಡಿ. ಹತ್ತಕ್ಕೆ ತಿಮ್ಮಯ್ಯನವರ ಎರಡನೆಯ ಕಾಫಿ. ಒಂದಕ್ಕೆ ಊಟ. ಐದಕ್ಕೆ ಮತ್ತೆ ಕಾಫಿ, ಅದರ ಜೊತೆ ‘ಬಾಯಾಡಿಸೋಕೆ ಏನಾದ್ರೂ’. ಈ ‘ಏನಾದ್ರೂ’ ಎನ್ನುವುದು ಕೇಳುವವರಿಗೆ ಬಹಳ ಸಣ್ಣ ಪದ. ಮಾಡುವವರಿಗೆ ಅದು ಹಿಟ್ಟು ಕಲಸುವುದು, ಎಣ್ಣೆ ಕಾಯಿಸುವುದು, ಕರಿಯುವುದು, ಒಲೆ ಒರೆಸುವುದು, ಮತ್ತು ಮನೆಯೆಲ್ಲ ಎಣ್ಣೆ ವಾಸನೆ ಎಂದು ಮಗನಿಂದ ಅನ್ನಿಸಿಕೊಳ್ಳುವುದು.

ಈ ಐದು ಗಂಟೆಯೇ ಕೊನೆಗೆ ರಗಳೆಗೆ ಕಾರಣವಾಯಿತು.

ನಾಗಮಣಿಯವರಿಗೆ ಸೈಕಲ್ ಕಲಿಯಬೇಕಿತ್ತು. ಅರವತ್ತೊಂದು ವರ್ಷ ಬಾಳಿದ ಮೇಲೆ ಹುಟ್ಟಿದ ಆಸೆಯಲ್ಲ ಅದು. ನಂಜನಗೂಡಿನಲ್ಲಿ ಚಿಕ್ಕವರಿದ್ದಾಗ ಅಣ್ಣನಿಗೊಂದು ಸೈಕಲ್ಲಿತ್ತು. ಭಾನುವಾರ ಭಾನುವಾರ ಅದನ್ನು ತೊಳೆದು, ಒರೆಸಿ, ಚೈನಿಗೆ ಎಣ್ಣೆ ಬಿಡುವ ಕೆಲಸ ನಾಗಮಣಿಯದು. ಹತ್ತುವ ಕೆಲಸ ಅಣ್ಣನದು. ಈಗ ಆಮ್ಸ್ಟೆಲ್‌ವೀನಿನ ಅಡುಗೆಮನೆಯ ಕಿಟಕಿಯಲ್ಲಿ ಇಡೀ ಊರೇ ಸೈಕಲ್ಲಿನ ಮೇಲೆ ಹೋಗುತ್ತಿತ್ತು. ಬಸುರಿಯರು ಹೋಗುತ್ತಿದ್ದರು, ಬೆನ್ನು ಬಾಗಿದ ಮುದುಕಿಯರು ಹೋಗುತ್ತಿದ್ದರು, ಒಬ್ಬಾಕೆ ಒಂದು ಕೈಯಲ್ಲಿ ಏಣಿ ಹಿಡಿದುಕೊಂಡು ಹೋದಳು.

ಪಕ್ಕದ ಮನೆಯಲ್ಲಿ ಟ್ರೂಸ್ ಎಂಬ ಎಪ್ಪತ್ನಾಲ್ಕು ವರ್ಷದ ಹೆಂಗಸು ಒಬ್ಬರೇ ಇದ್ದರು. ನಾಗಮಣಿಯವರಿಗೆ ಡಚ್ ಬಾರದು, ಟ್ರೂಸಿಗೆ ಕನ್ನಡ ಬಾರದು. ಬೇಲಿಯ ಎರಡೂ ಕಡೆ ನಿಂತು ಇಬ್ಬರೂ ದಿನಾ ಮಾತಾಡುತ್ತಿದ್ದರು. ಕೈಸನ್ನೆಯಲ್ಲೇ ಒಪ್ಪಂದವಾಯಿತು: ಹಿಂದಿನ ಓಣಿಯಲ್ಲಿ ಟ್ರೂಸ್ ಸೈಕಲ್ ಕಲಿಸುತ್ತಾರೆ. ಆದರೆ ಐದರಿಂದ ಆರರವರೆಗೆ ಮಾತ್ರ. ಬೆಳಿಗ್ಗೆ ಅವರಿಗೆ ತೋಟ, ಮಧ್ಯಾಹ್ನ ನಿದ್ದೆ, ಆರಕ್ಕೆ ಊಟ. ಆ ದೇಶದಲ್ಲಿ ಯುದ್ಧವೇ ಬಂದರೂ ಆರಕ್ಕೆ ಊಟ.

ಮನೆಯಲ್ಲಿ ಕೇಳಿದರೆ ಚಿರಂತನ ಹೌಹಾರಿದ. “ಅಮ್ಮ, ಈ ವಯಸ್ಸಲ್ಲಿ ಸೈಕಲ್ಲಾ? ಬಿದ್ದು ಮೂಳೆ ಮುರ್ಕೊಂಡ್ರೆ ಆಸ್ಪತ್ರೆಗೂ ಹೋಗೋ ಹಾಗಿಲ್ಲ ಈಗ.”

ತಿಮ್ಮಯ್ಯನವರು ಉದಾರಿಗಳು. “ಹೋಗೇ, ಬೇಡ ಅಂದೋರ್ ಯಾರು? ಕಾಫಿ ಕೊಟ್ಟು, ಎರಡು ಬೋಂಡ ಕರ್ದು, ಬಾಣಲೆ ತೊಳ್ದಿಟ್ಟು ಆರಾಮಾಗಿ ಹೋಗು.”

ಆರಾಮಾಗಿ ಹೋಗುವ ಹೊತ್ತಿಗೆ ಆರೂ ಹತ್ತು. ಟ್ರೂಸ್ ಆಲೂಗಡ್ಡೆ ತಿನ್ನುತ್ತಿರುತ್ತಿದ್ದರು.

ಹೀಗೇ ಮೇ ಕಳೆಯಿತು. ಅಷ್ಟರಲ್ಲಿ ವಿಶೇಷ ವಿಮಾನದಲ್ಲಿ ಎರಡು ಸೀಟು ಸಿಕ್ಕಿತು: ಜೂನ್ ಹದಿನಾಲ್ಕಕ್ಕೆ ವಾಪಸು. ಮೈಸೂರಿನ ಸರಸ್ವತಿಪುರದಲ್ಲಿ ತಾವು ಸೈಕಲ್ ಹತ್ತಿದರೆ ನೋಡುವುದಕ್ಕೆ ಎಷ್ಟು ಜನ ಗೇಟಿಗೆ ಬರುತ್ತಾರೆಂದು ನಾಗಮಣಿ ಲೆಕ್ಕ ಹಾಕಿದರು. ಕಲಿತರೆ ಇಲ್ಲೇ ಕಲಿಯಬೇಕು, ಈ ಎರಡು ವಾರದೊಳಗೇ.

ಜೂನ್ ಒಂದನೆಯ ತಾರೀಕು ಹಿತಾ ಅಡುಗೆಮನೆಗೆ ಬಂದಳು. ಶಾಲೆ ಅರ್ಧ ತೆರೆದಿತ್ತು. ಅರ್ಧ ಮಕ್ಕಳು ಅಲ್ಲಿ, ಇನ್ನರ್ಧ ಮನೆಯಲ್ಲಿ. ಡಚ್ ಶಾಲೆಗಳಲ್ಲಿ ಪ್ರತಿ ಮಗುವೂ ಒಂದು ವಿಷಯ ಆರಿಸಿಕೊಂಡು ತರಗತಿಯ ಮುಂದೆ ಭಾಷಣ ಮಾಡುವ ಪದ್ಧತಿಯಿದೆ. ಸ್ಪ್ರೇಕ್‌ಬ್ಯೂರ್ಟ್ ಎನ್ನುತ್ತಾರೆ. ಹಿತಾಳ ವಿಷಯ ‘ಪ್ರಾಚೀನ ಈಜಿಪ್ಟಿನವರು ನಮಗೆ ಕೊಟ್ಟದ್ದು’. ಭಾಷಣ ಕಂಪ್ಯೂಟರಿನಲ್ಲೇ, ಆದರೆ ತಾಲೀಮಿಗೆ ಒಬ್ಬರು ಕೇಳುಗರು ಬೇಕು. ಮನೆಯಲ್ಲಿ ಕೈ ಕೆಲಸ ಮಾಡುತ್ತಿರುವಾಗಲೂ ಕಿವಿ ಖಾಲಿ ಇರುವವರು ಅಜ್ಜಿ ಒಬ್ಬರೇ.

“ಅಜ್ಜಿ, ದಿನಕ್ಕೆ ಇಪ್ಪತ್ನಾಕು ಗಂಟೆ ಅಂತ ಮಾಡಿದ್ದು ಈಜಿಪ್ಷಿಯನ್ಸ್. ಹಗಲಿಗೆ ಹನ್ನೆರಡು, ನೈಟ್‌ಗೆ ಹನ್ನೆರಡು.”

ನಾಗಮಣಿ ಹುರುಳಿಕಾಯಿ ಹೆಚ್ಚುತ್ತಿದ್ದರು. “ಅದ್ರಲ್ಲಿ ನಂಗೆ ಎಷ್ಟು ಅಂತ ಮಾಡಿದ್ರಂತೆ?”

ಹಿತಾ ತನ್ನ ಹಾಳೆ ನೋಡಿದಳು. “ಅದು ಇದ್ರಲ್ಲಿ ಇಲ್ಲ. ನೆಕ್ಸ್ಟ್. ವರ್ಷಕ್ಕೆ ಮುನ್ನೂರ ಅರವತ್ತೈದು ದಿನ ಮಾಡಿದ್ದೂ ಅವ್ರೇ. ಮೂವತ್ತು ದಿನದ ಹನ್ನೆರಡು ತಿಂಗಳು. ಮಿಕ್ಕಿದ್ದು ಐದು ದಿನ, ಅದು ದೇವ್ರುಗಳ ಬರ್ತ್‌ಡೇ.”

“ಸಾಲಾಗಿ ಐದು ದಿನ ಹಬ್ಬ! ಅಯ್ಯೋ ಪಾಪ. ಒಬ್ಬಟ್ಟು ಯಾರ್ ತಟ್ಟಿದ್ರೋ.”

“ಒಬ್ಬಟ್ಟಲ್ಲ ಅಜ್ಜಿ, ಬ್ರೆಡ್. ಹಿಟ್ಟು ಹುಳಿ ಬರ್ಸಿ, ಉಬ್ಬಿಸಿ ಬ್ರೆಡ್ ಮಾಡೋದು ಅವ್ರಿಗೆ ಗೊತ್ತಿತ್ತು.”

“ನಾದಿದ್ದು ಯಾರು?”

“ಈಜಿಪ್ಷಿಯನ್ಸ್.”

“ಹೆಸರು?”

“ಹೆಸರು ಗೊತ್ತಿಲ್ಲ.”

“ಗೊತ್ತಿರಲ್ಲ ಬಿಡು. ಗೋರಿ ಕಟ್ಟಿಸ್ಕೊಂಡೋನ ಹೆಸರು ಕೇಳು, ಪಟಪಟ ಅಂತ ಹೇಳ್ತಾರೆ. ಮುಂದೆ?”

ಟೂತ್‌ಪೇಸ್ಟ್ ಬಂತು, ಮರದ ಬೀಗ ಬಂತು, ಕಣ್ಣಿನ ಕಪ್ಪು ಬಂತು, ಬರೆಯುವ ಪಪೈರಸ್ ಹಾಳೆ ಬಂತು. ನಾಗಮಣಿ ಎಲ್ಲದಕ್ಕೂ ‘ಹೂಂ’ ಎನ್ನುತ್ತ ಒಗ್ಗರಣೆಗೆ ಸಾಸಿವೆ ಹಾಕಿದರು. ಕೊನೆಯ ಹಾಳೆಯಲ್ಲಿ ಸ್ಟ್ರೈಕ್ ಬಂತು.

“ರಾಜನ ಗೋರಿ ಕೆತ್ತೋ ಕೆಲಸಗಾರರು. ಅವ್ರಿಗೆ ಸಂಬಳ ಅಂದ್ರೆ ಗೋಧಿ, ಬಾರ್ಲಿ. ಅದು ಹದಿನೆಂಟು ದಿನ ಲೇಟಾಯ್ತು. ಅವ್ರೆಲ್ಲ ಉಳಿ ಸುತ್ತಿಗೆ ಕೆಳಗಿಟ್ಟು ಹೋಗಿ ಗುಡಿ ಹಿಂದೆ ಕೂತ್ಬಿಟ್ರು. ‘ನಮಗೆ ಹಸಿವು’ ಅಂದ್ರು. ಬರೆದಿಟ್ಟಿರೋದ್ರಲ್ಲಿ ವರ್ಲ್ಡಲ್ಲೇ ಫಸ್ಟ್ ಸ್ಟ್ರೈಕ್. ಮೂರು ಸಾವಿರ ವರ್ಷಕ್ಕಿಂತ ಹಿಂದೆ.”

“ಕೂತು ಏನ್ ಮಾಡಿದ್ರು?”

“ಏನೂ ಮಾಡ್ಲಿಲ್ಲ. ಅದೇ ಸ್ಟ್ರೈಕು.”

ನಾಗಮಣಿ ಒಲೆ ಸಣ್ಣ ಮಾಡಿದರು.

“ಇನ್ನೊಂದು ಫನ್ನಿ ಇದೆ ಅಜ್ಜಿ. ಅವ್ರು ಕಲ್ಲಿನ ಚೂರಲ್ಲಿ ರಜಾ ಲಿಸ್ಟ್ ಬರೀತಿದ್ರು. ಯಾರು ಯಾಕೆ ಬಂದಿಲ್ಲ ಅಂತ. ಒಬ್ಬನಿಗೆ ಚೇಳು ಕಡೀತು, ರಜ. ಒಬ್ಬನಿಗೆ ಕಣ್ಣುನೋವು, ರಜ. ಒಬ್ಬ ಬಿಯರ್ ಮಾಡ್ತಿದ್ದ, ರಜ. ಆಮೇಲೆ ಒಬ್ಬನ ಹೆಂಡ್ತೀಗೋ ಮಗಳಿಗೋ ಪೀರಿಯಡ್ಸು, ಅದಕ್ಕೆ ಅವನಿಗೆ ರಜ.”

ಸೌಟು ನಿಂತಿತು. “ಇವಳು ಮುಟ್ಟಾದ್ರೆ ಅವನಿಗೆ ರಜಾನಾ? ಯಾಕಂತೆ?”

“ಮನೆ ಕೆಲ್ಸ ಮಾಡೋಕೆ ಇರ್ಬೋದು ಅಂತ ಯುಫ್ ಹೇಳಿದ್ರು.” ಯುಫ್ ಎಂದರೆ ಟೀಚರು.

ಹಿತಾ ಈಜಿಪ್ಟಿನವರ ಹಾಗೆಯೇ ಇರಲೆಂದು ಒಂದು ಹೂಕುಂಡವನ್ನು ತಾನೇ ಬೇಕೆಂದು ಒಡೆದು, ಅದರ ಚೂರೊಂದನ್ನು ಬರೆಯುವುದಕ್ಕೆ ಇಟ್ಟುಕೊಂಡಿದ್ದಳು. “ಅಜ್ಜಿ, ನಿನ್ ರಜಾ ಲಿಸ್ಟ್ ಹೇಳು, ಸ್ಯಾಂಪಲ್‌ಗೆ ಬರೀತೀನಿ. ಮದುವೆ ಆದಾಗ್ಲಿಂದ.”

ಮದುವೆಯಾದದ್ದು ಎಂಬತ್ತನೆಯ ಇಸವಿಯಲ್ಲಿ. ನಾಗಮಣಿ ಯೋಚಿಸಿದರು.

“ಮೊದ್ಲು ಹಳ್ಳೀಲಿ ಅತ್ತೆ ಮನೇಲಿದ್ವಿ. ತಿಂಗಳಿಗೆ ಮೂರು ದಿನ ಹೊರಗೆ ಕೂರ್ಸೋರು.”

“ಅದನ್ನ ಬರೀಲಾ?”

“ಬೇಡ. ಒಳಗಿನ ಕೆಲ್ಸ ಮುಟ್ಟಬೇಡ ಅಂತ ಹೊರಗಿನ ಕೆಲ್ಸ ಹುಡುಕಿ ಹುಡುಕಿ ಕೊಡೋರು. ಸೌದೆ ಒಟ್ಟು, ಅಂಗಳ ಸಾರಿಸು. ಆಮೇಲೆ ಮೈಸೂರಿಗೆ ಬಂದ್ವಿ. ನಿಮ್ ತಾತ, ‘ನಾವು ಪ್ರಗತಿಪರರು, ನಮ್ಮನೇಲಿ ಅದೆಲ್ಲ ನಡೆಯಲ್ಲ’ ಅಂದ್ರು. ನಂಗೂ ಸರಿ ಅನ್ನಿಸ್ತು. ಆವತ್ತಿಂದ ಆ ಮೂರು ದಿನಾನೂ ಅಡುಗೆ.”

“ಅಪ್ಪ ಹುಟ್ಟಿದಾಗ?”

“ತೌರುಮನೇಲಿ ಒಂದು ತಿಂಗಳು. ಬರ್ಕೋ, ಮೂವತ್ತು. ಆದ್ರೆ ಆ ಮೂವತ್ತು ದಿನ ಮಾಡಿದ್ದು ನಮ್ಮಮ್ಮ, ಅವಳಿಗೆ ರಜ ಇರ್ಲಿಲ್ಲ ಅಂತ ಪಕ್ಕದಲ್ಲಿ ಬರಿ.”

“ಚೂರಲ್ಲಿ ಜಾಗ ಇಲ್ಲ.”

“ಅಪೆಂಡಿಕ್ಸ್ ಆಪರೇಷನ್, ಐದು ದಿನ. ಐದನೇ ದಿನ ನಿಮ್ ತಾತ ಹುಳಿಪುಡಿ ಡಬ್ಬಿ ಆಸ್ಪತ್ರೆಗೇ ತಂದಿದ್ರು, ಎಷ್ಟು ಚಮಚ ಹಾಕ್ಬೇಕು ಅಂತ. ಎಡಗೈ ಸುಟ್ಕೊಂಡಾಗ ಸೊನ್ನೆ. ಬಲಗೈ ಇತ್ತಲ್ಲ.”

ಹಿತಾ ಕೂಡಿದಳು. “ಮೂವತ್ತೈದು. ನಲವತ್ತು ವರ್ಷಕ್ಕೆ ಮೂವತ್ತೈದು ದಿನ! ಅಜ್ಜಿ, ಒಂದ್ಸಲಾನೂ ಚೇಳು ಕಡೀಲಿಲ್ವಾ?”

“ಎಲ್ಲಿ ಕಡೀತು. ನಂಗೆ ಅಷ್ಟು ಅದೃಷ್ಟ ಇಲ್ಲ.”

ಮರುದಿನ ಮಂಗಳವಾರ. ಮಧ್ಯಾಹ್ನದ ಪಾತ್ರೆ ಎಲ್ಲ ತೊಳೆದು, ನಾಲ್ಕೂವರೆಗೆ ನಾಗಮಣಿ ಸೌಟನ್ನು ಒಲೆಯ ಪಕ್ಕ ಕೆಳಗಿಟ್ಟರು. ತೋಟದಿಂದ ಪ್ಲಾಸ್ಟಿಕ್ ಕುರ್ಚಿ ತಂದರು. ಹಜಾರದ ಮೂಲೆಯಲ್ಲಿ ದೇವರ ಕಪಾಟಿತ್ತು. ಅದರ ಹಿಂದೆ, ಗಾಜಿನ ಬಾಗಿಲಿಗೆ ಮುಂಚೆ, ಒಬ್ಬರು ಕೂರುವಷ್ಟು ಜಾಗ. ಅಲ್ಲಿ ಕುರ್ಚಿ ಹಾಕಿ ಕೂತರು. ಐದು ಹೊಡೆದ ಕೂಡಲೇ ಅದೇ ಬಾಗಿಲಿನಿಂದ ಎದ್ದು ಟ್ರೂಸ್ ಹತ್ತಿರ ಹೋಗುವುದು ಅವರ ಯೋಜನೆ.

ನಾಲ್ಕೂ ಐವತ್ತಕ್ಕೆ ಸೋಫಾ ಮಾತಾಡಿತು. “ನಾಗೂ, ಇವತ್ತೇನು, ಈರುಳ್ಳಿ ಬೋಂಡಾನಾ?”

“ಇಲ್ಲ.”

ದೇವರ ಕಪಾಟಿನಿಂದ ಉತ್ತರ ಬಂದದ್ದು ಕೇಳಿ ತಿಮ್ಮಯ್ಯ ಎದ್ದು ಬಂದರು. “ಲೇ, ದೇವರ ಹಿಂದೆ ಯಾಕ್ ಕೂತಿದೀಯ?”

“ಮುಷ್ಕರ ಹೂಡಿದೀನಿ. ಈಜಿಪ್ಟಲ್ಲಿ ಹೀಗೇ ಕೂರೋದಂತೆ.”

ತಿಮ್ಮಯ್ಯನವರ ಮುಖ ಬಿಳಿಚಿತು. “ಚಿರಂತನಾ! ಬೇಗ ಬಾರೋ! ನಿಮ್ಮಮ್ಮ ಏನೇನೋ ಮಾತಾಡ್ತಿದಾಳೆ! ಈಜಿಪ್ಟು ಅಂತಾಳೆ!”

ಚಿರಂತನ ಮೆಟ್ಟಿಲು ಇಳಿಯುತ್ತಲೇ ಮೊಬೈಲಿನಲ್ಲಿ ಹುಡುಕಿದ. “ಅಪ್ಪಾ, ವಯಸ್ಸಾದವ್ರಲ್ಲಿ ಕನ್ಫ್ಯೂಷನ್ನೂ ಕೊರೊನಾ ಲಕ್ಷಣ ಅಂತೆ. ಅಮ್ಮ, ವಾಸನೆ ಗೊತ್ತಾಗ್ತಿದ್ಯಾ? ಅಪ್ಪಾ, ಕಾಫಿ ತಗೊಂಡ್ ಬನ್ನಿ, ಟೆಸ್ಟ್ ಮಾಡೋಣ.”

ತಿಮ್ಮಯ್ಯ ಜೀವನದಲ್ಲಿ ಮೊದಲ ಬಾರಿ ಕಾಫಿ ಮಾಡಿದರು. ಬೆಳಗಿನ ಫಿಲ್ಟರಿನಲ್ಲಿ ಉಳಿದಿದ್ದ ಚರಟದ ಮೇಲೆಯೇ ಇನ್ನಷ್ಟು ನೀರು ಹೊಯ್ದು, ಹಾಲು ಬೆರೆಸಿ ತಂದರು. ನಾಗಮಣಿ ಮೂಗಿನ ಹತ್ತಿರ ಹಿಡಿದು ನೋಡಿದರು.

“ಇದಕ್ಕೆ ಯಾವ ವಾಸನೇನೂ ಇಲ್ಲ.”

ಅಪ್ಪ ಮಗ ಇಬ್ಬರೂ ಎರಡು ಹೆಜ್ಜೆ ಹಿಂದಕ್ಕೆ ಹಾರಿದರು.

“ನಂಗೇನೂ ಆಗಿಲ್ಲ ಕಣೋ. ಕೆಲಸ ನಿಲ್ಲಿಸಿದೀನಿ, ಅಷ್ಟೆ.”

“ನೋಡಿದ್ರಾ ಅಪ್ಪ? ಅಮ್ಮ ಕೆಲಸ ನಿಲ್ಸೋದು ಅಂದ್ರೇನು. ಒಳಗೆ ಏನೋ ಸೀರಿಯಸ್ ಆಗಿದೆ.”

ಕಪಾಟಿನ ಹಿಂದಿನ ಗಾಜಿನ ಬಾಗಿಲಾಚೆ ಟ್ರೂಸ್ ಸೈಕಲ್ ಹಿಡಿದು ಬಂದು ನಿಂತದ್ದು ನಾಗಮಣಿಯವರಿಗೆ ಕಾಣುತ್ತಿತ್ತು. ಎದ್ದು ಹೋಗುವಷ್ಟರಲ್ಲಿ ನಾಗಮಣಿಯವರನ್ನು ಮಹಡಿಯ ಕೋಣೆಗೆ ಸಾಗಿಸಿ, ಬಾಗಿಲು ಎಳೆದುಕೊಂಡಾಗಿತ್ತು. ಹೊರಗೆ ಹೋಗುವುದಕ್ಕೆಂದು ಹೂಡಿದ ಮುಷ್ಕರದಿಂದ ಒಳಗೇ ಕೂಡಿಹಾಕಿಸಿಕೊಂಡವರು ಇವರೊಬ್ಬರೇ ಇರಬೇಕು.

ಹಿತಾ, “ಅಪ್ಪಾ, ಅಜ್ಜಿಗೆ ಹುಷಾರಿದೆ, ಅದು ನನ್ ಸ್ಪ್ರೇಕ್‌ಬ್ಯೂರ್ಟು,” ಎಂದು ಹೇಳಿಯೇ ಹೇಳಿದಳು. “ನೀನು ಅಜ್ಜಿ ಹತ್ರ ಹೋಗ್ಬೇಡ,” ಎಂದ ಚಿರಂತನ.

ಯಾರಿಗೆ ಲಕ್ಷಣವಿದ್ದರೂ ಪರೀಕ್ಷೆ ಮಾಡುವ ವ್ಯವಸ್ಥೆ ಅದೇ ವಾರ ಶುರುವಾಗಿತ್ತು. ಬುಧವಾರ ಚಿರಂತನ ಕಾರಿನ ನಾಲ್ಕೂ ಕಿಟಕಿ ಇಳಿಸಿ ತಾಯಿಯನ್ನು ಕರೆದುಕೊಂಡು ಹೋದ. ಬಿಳಿ ಮುಸುಕಿನವನೊಬ್ಬ ಕಿಟಕಿಯಿಂದಲೇ ಕಡ್ಡಿ ಹಾಕಿ ಮೂಗಿನ ದಾರಿಯಲ್ಲಿ ತಲೆಯವರೆಗೂ ಹೋಗಿ ಬಂದ. ಫಲಿತಾಂಶ ಶುಕ್ರವಾರ. ಅಲ್ಲಿಯವರೆಗೆ ಕೋಣೆ ಬಿಟ್ಟು ಬರುವ ಹಾಗಿಲ್ಲ.

ಕೋಣೆಯಲ್ಲಿ ನಾಗಮಣಿ ಕಾಲು ಚಾಚಿ ಮಲಗಿದರು. ಊಟ ಬಾಗಿಲಿಗೆ ಬರುತ್ತಿತ್ತು. ಮೊದಲ ಸಲ ಬ್ರೆಡ್ಡು, ಜಾಮು. ಎರಡನೆಯ ಸಲ ಜಾಮು ತೀರಿತ್ತು. ಮೂರನೆಯ ಸಲ ಬಾಗಿಲಾಚೆ ಮಗನ ದನಿ: “ಅಮ್ಮ, ಒಂದು ಲೋಟ ರವೆಗೆ ನೀರೆಷ್ಟು?”

“ಮುಷ್ಕರದಲ್ಲಿದೀನಿ ಮಗ.”

“ಅಯ್ಯೋ,” ಎಂದ ಅವನು ಕೆಳಗೆ ಕೂಗಿ. “ಕನ್ಫ್ಯೂಷನ್ ಇನ್ನೂ ಹೋಗಿಲ್ಲಪ್ಪಾ!”

ಬಂದ ಉಪ್ಪಿಟ್ಟನ್ನು ಚಮಚದಿಂದ ಕುಡಿಯಬಹುದಿತ್ತು. ನಾಗಮಣಿ ಕುಡಿದರು. ಬಡಿಸಿಕೊಂಡು ತಿಂದದ್ದರಿಂದ ರುಚಿಯಾಗಿಯೇ ಇತ್ತು.

ಬುಧವಾರ, ಗುರುವಾರ ಎರಡೂ ದಿನ ಐದಕ್ಕೆ ಸರಿಯಾಗಿ ಟ್ರೂಸ್ ಓಣಿಯಲ್ಲಿ ಬಂದು ಮೇಲೆ ನೋಡಿದರು. ನಾಗಮಣಿ ಕಿಟಕಿಯಿಂದ, ಬರುವ ಹಾಗಿಲ್ಲ ಎಂದು ಕೈಯಾಡಿಸಿ, ಕೊನೆಗೆ ಮುಷ್ಟಿ ಕಟ್ಟಿ ಎತ್ತಿ ತೋರಿಸಿದರು. ಟ್ರೂಸ್ ಸ್ವಲ್ಪ ಯೋಚಿಸಿ, ತಾವೂ ಮುಷ್ಟಿ ಎತ್ತಿದರು. ಎರಡು ಗಂಟೆ ಹಾಗೆ ಹೋಯಿತು. ವಿಮಾನ ಹತ್ತುವುದರೊಳಗೆ ಉಳಿದದ್ದು ಒಂಬತ್ತೇ.

ಶುಕ್ರವಾರ ಮಧ್ಯಾಹ್ನ ನಾಲ್ಕಕ್ಕೆ ಚಿರಂತನ ಮೆಟ್ಟಿಲು ಹಾರಿಕೊಂಡು ಬಂದ. “ಅಮ್ಮಾ, ನೆಗೆಟಿವ್! ಕೆಳಗೆ ಬಾ! ರಾತ್ರಿಗೆ ಏನ್ ಅಡುಗೆ?”

ನಾಗಮಣಿ ಕೆಳಗೆ ಬಂದರು, ಅಡುಗೆಮನೆ ದಾಟಿದರು, ದೇವರ ಕಪಾಟಿನ ಹಿಂದೆ ಹೋಗಿ ಕೂತರು.

ಈಗ ಕೊರೊನಾದ ಮೇಲೆ ಹೊರಿಸುವ ಹಾಗಿರಲಿಲ್ಲ. ಸೊಸೆ ಪೂಜಿತಾ ಮೀಟಿಂಗಿನ ನಡುವೆ ಕಿವಿಯ ಹೆಡ್‌ಫೋನ್ ತೆಗೆದು ಇಳಿದು ಬಂದಳು. ಹಿತಾ ಹೂಕುಂಡದ ಚೂರನ್ನು ತಂದು ಅಮ್ಮನ ಕೈಗೆ ಕೊಟ್ಟಳು. ಪೂಜಿತಾ ಅದನ್ನು ಎರಡು ಸಲ ಓದಿದಳು.

“ಅತ್ತೆ, ಮೂವತ್ತೈದೇನಾ?”

“ಅದ್ರಲ್ಲಿ ಅರ್ಧ ದಿನ ಹುಳಿಪುಡಿಗೆ ಹೋಯ್ತು.”

ಅಷ್ಟರಲ್ಲಿ ತಿಮ್ಮಯ್ಯನವರ ಒಳಗೆ ಏನೋ ಎದ್ದು ಕೂತಿತು. ಅವರು ಇಪ್ಪತ್ತೆರಡು ವರ್ಷ ಮೈಸೂರಿನ ಕಾರ್ಖಾನೆಯೊಂದರಲ್ಲಿ ಕಾರ್ಮಿಕರ ಸಂಘದ ಕಾರ್ಯದರ್ಶಿಯಾಗಿದ್ದವರು. ಅವರ ಮೂವತ್ತೇಳು ದಿನದ ಮುಷ್ಕರದ ಕಥೆ ಕೇಳದ ನೆಂಟರಿಲ್ಲ. ನಿವೃತ್ತಿಯಾಗಿ, ಮೂರು ತಿಂಗಳು ಪರದೇಶದ ಸೋಫಾದ ಮೇಲೆ ಕೂತು ತುಕ್ಕು ಹಿಡಿದಿದ್ದವರ ಕಿವಿಗೆ ‘ಮುಷ್ಕರ’ ಎನ್ನುವುದು ಈಗ ರೋಗಲಕ್ಷಣವಾಗಿ ಅಲ್ಲ, ಮುಷ್ಕರವಾಗಿಯೇ ಬಿತ್ತು.

“ನೋಟಿಸ್ ಕೊಟ್ಟಿದೀಯಾ?” ಎಂದರು.

“ಏನು?”

“ನೋಟಿಸು! ಹದಿನಾಲ್ಕು ದಿನ ಮುಂಚೆ ಕೊಡ್ಬೇಕು. ಇಲ್ದಿದ್ರೆ ಇದು ಇಲ್ಲೀಗಲ್ ಸ್ಟ್ರೈಕ್ ಆಗತ್ತೆ ಕಣೆ. ಹೋಗ್ಲಿ, ಬೇಡಿಕೆ ಎಷ್ಟು?”

“ಒಂದು. ದಿನಾ ಐದರಿಂದ ಆರು ನಂದು.”

“ಒಂದೇನಾ!” ತಿಮ್ಮಯ್ಯ ಹಣೆ ಚಚ್ಚಿಕೊಂಡರು. “ಒಂದೇ ಇಟ್ರೆ ಮಾತುಕತೇಲಿ ಏನನ್ನ ಬಿಟ್ಕೊಡ್ತೀಯ? ಇಪ್ಪತ್ತೊಂದು ಇಡ್ಬೇಕು. ಹದಿನೆಂಟು ಬಿಟ್ಟು ಮೂರು ಗೆಲ್ಬೇಕು. ಯಾರೂ ಹೇಳಿಕೊಟ್ಟಿಲ್ವಾ ನಿಂಗೆ? ಹಿತಾ, ಪೇಪರ್ ತಗೊಂಬಾ!”

ಹತ್ತು ನಿಮಿಷದಲ್ಲಿ ಅವರು ಕಪಾಟಿನ ಹಿಂದೆ ಇನ್ನೊಂದು ಕುರ್ಚಿ ತುರುಕಿ, ಹೆಂಡತಿಯ ಪಕ್ಕ ಕೂತು ಬೇಡಿಕೆಗಳ ಪಟ್ಟಿ ಬರೆಯುತ್ತಿದ್ದರು. ವಾರದ ರಜೆ. ಹಬ್ಬದ ದಿನ ದುಪ್ಪಟ್ಟು ಕೆಲಸಕ್ಕೆ ಪರಿಹಾರ. ಈರುಳ್ಳಿ ಹೆಚ್ಚುವುದಕ್ಕೆ ಕಣ್ಣಿನ ರಕ್ಷಣೆ. ಹದಿಮೂರನೆಯ ಬೇಡಿಕೆಯಾಗಿ ಗ್ರಾಚ್ಯುಟಿ. ಕಣ್ಣು ಹೊಳೆಯುತ್ತಿತ್ತು, ಹತ್ತು ವರ್ಷ ಚಿಕ್ಕವರಾಗಿದ್ದರು. ನಡುವೆ ಎದ್ದು ನಿಂತು “ಬೇಕೇ ಬೇಕು, ನ್ಯಾಯ ಬೇಕು!” ಎಂದು ಕೂಗಿದರು. ದೇವರ ಕಪಾಟಿನ ಗಂಟೆ ತಾನೇ ಅಲ್ಲಾಡಿತು.

ಆಮೇಲೆ ಕೂತು, ಬೆವರು ಒರೆಸಿಕೊಂಡು, ಪಕ್ಕಕ್ಕೆ ಬಾಗಿ ಮೆಲ್ಲಗೆ ಹೇಳಿದರು: “ನಾಗೂ, ಗಂಟಲು ಒಣಗ್ತು. ಹೋರಾಟಗಾರರಿಗೆ ಒಂದು ಕಾಫಿ ಮಾಡ್ಕೊಂಡ್ ಬಾರೆ.”

ಪೂಜಿತಾ ಬಾಯಿ ಮುಚ್ಚಿಕೊಂಡಳು.

“ರೀ, ಏಳಿ ಇಲ್ಲಿಂದ,” ಎಂದರು ನಾಗಮಣಿ.

“ಯಾಕೆ?”

“ನೀವು ಆಡಳಿತ ಮಂಡಳಿ.”

ಯಾರಾದರೂ ತಿಮ್ಮಯ್ಯನವರನ್ನು ಕಳ್ಳ ಎಂದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. “ನಾನಾ? ಮ್ಯಾನೇಜ್‌ಮೆಂಟಾ? ಇಪ್ಪತ್ತೆರಡು ವರ್ಷ ಗೇಟ್ ಮುಂದೆ ಬಿಸಿಲಲ್ಲಿ ಕೂತೋನು ನಾನು!”

“ಮೂವತ್ತೇಳು ದಿನ ಕೂತ್ರಲ್ಲ, ದಿನಾ ಅರವತ್ತು ಜನಕ್ಕೆ ಪುಳಿಯೋಗರೆ ಎಲ್ಲಿಂದ ಬರ್ತಿತ್ತು?”

“... ನೀನು ಕಳಿಸ್ತಿದ್ದೆ.”

“ಈಗ ನಾನು ಕೂತು ನಾಕು ದಿನ ಆಯ್ತು. ನಂಗೆ ಯಾರು ಕಲಸಿ ಕಳಿಸಿದ್ರು?”

ತಿಮ್ಮಯ್ಯ ಪೆನ್ನಿನ ಮುಚ್ಚಳ ಹಾಕಿದರು. ಮೂವತ್ತೇಳು ದಿನದ ಕಥೆಯನ್ನು ಮೂವತ್ತೇಳು ವರ್ಷ ಹೇಳಿದ್ದರೂ ಅದರಲ್ಲಿ ಪುಳಿಯೋಗರೆ ಒಂದು ಸಲವೂ ಬಂದಿರಲಿಲ್ಲ ಎಂಬುದು ಅವರಿಗೆ ಆಗಲೇ ಹೊಳೆದಿರಬೇಕು. ಎದ್ದು, ಕುರ್ಚಿಯನ್ನೂ ಎತ್ತಿಕೊಂಡು, ಕಪಾಟಿನ ಈಚೆಗೆ ಬಂದರು. ಆಡಳಿತ ಮಂಡಳಿ ತನ್ನ ಜಾಗದಲ್ಲಿ ಕೂತಿತು.

ಚಿರಂತನ ಅಷ್ಟರಲ್ಲಿ ಬೇಕರಿಗೆ ಓಡಿ ಹೋಗಿ ಬಂದಿದ್ದ. ಗುಲಾಬಿ ಸಕ್ಕರೆ ಹೊದಿಸಿದ ಕೆನೆಯ ಕೇಕುಗಳ ಪೆಟ್ಟಿಗೆ ತೆರೆದು ತಾಯಿಯ ಮುಂದೆ ಹಿಡಿದ. “ತಗೋ ಅಮ್ಮ. ಮರ್ತುಬಿಡು ಎಲ್ಲಾನೂ.”

“ಅಪ್ಪಾ, ಸೇಮ್ ಟ್ರಿಕ್!” ಎಂದು ಹಿತಾ ಕುಣಿದಳು. “ಈಜಿಪ್ಟಲ್ಲೂ ಸ್ಟ್ರೈಕ್ ಮಾಡಿದವ್ರಿಗೆ ಫಿಫ್ಟಿಫೈವ್ ಕೇಕ್ ಕಳ್ಸಿದ್ರು! ವರ್ಕ್ ಆಗ್ಲಿಲ್ಲ! ಅವ್ರು ಮಾರನೇ ದಿನಾನೂ ಬಂದು ಕೂತ್ರು!”

“ಕೇಕು ತಿಂದ್ರಾ ಅವ್ರು?” ನಾಗಮಣಿ ಕೇಳಿದರು.

“ತಿಂದಿರ್ಬೋದು.”

ನಾಗಮಣಿ ಒಂದು ತೆಗೆದುಕೊಂಡರು. ಕಚ್ಚಿದ ಕೂಡಲೇ ಕೆನೆ ನಾಲ್ಕೂ ಕಡೆಯಿಂದ ಹೊರಗೆ ಬಂತು. ಪೂಜಿತಾ ಮೇಲೆ ಹೋಗಿ, ಲ್ಯಾಪ್‌ಟಾಪ್ ಮುಚ್ಚಿ, ಇಳಿದು ಬಂದು, ಮಾವ ಖಾಲಿ ಮಾಡಿದ ಜಾಗಕ್ಕೆ ಒಂದು ಸ್ಟೂಲು ಹಾಕಿದಳು. “ಅತ್ತೆ, ಸ್ವಲ್ಪ ಜರುಗಿ. ನಾನೂ ಕೂರ್ತೀನಿ. ನಂದು ನಾಳೆ ಲೆಕ್ಕ ಮಾಡೋಣ, ಇವತ್ತು ನಿಮ್ದೇ ಆಗ್ಲಿ.” ಕೂತು ಒಂದು ಕೇಕು ತೆಗೆದುಕೊಂಡಳು. ಮೂರು ತಿಂಗಳಲ್ಲಿ ಅವಳು ಕೆಲಸದ ಹೊತ್ತಿನಲ್ಲಿ ಕೂತದ್ದು ಅದೇ ಮೊದಲು.

ಮಾತುಕತೆ ಶುರುವಾಯಿತು. ತಿಮ್ಮಯ್ಯ ಎದುರುಪಕ್ಷದಲ್ಲಿದ್ದರೂ ಕಲೆ ಬಲ್ಲವರು. “ಆರರಿಂದ ಏಳು ಕೊಡೋಣ,” ಎಂದರು. ಆಗಲಿಲ್ಲ. “ವಾರಕ್ಕೆ ಮೂರು ದಿನ.” ಆಗಲಿಲ್ಲ. “ಊಟ ಆದ್ಮೇಲೆ ಮಾತಾಡೋಣ.” ಊಟ ಯಾವುದು ಎಂದು ಪೂಜಿತಾ ಕೇಳಿದಳು. “ಉಪಸಮಿತಿ ಮಾಡೋಣ,” ಎನ್ನುವಷ್ಟರಲ್ಲಿ ಗಡಿಯಾರ ಐದು ತೋರಿಸಿತು. ಗಾಜಿನ ಬಾಗಿಲಾಚೆ ಟ್ರೂಸ್ ಬಂದು ನಿಂತರು.

ನಾಗಮಣಿ ಎದ್ದರು, ಕೈಯ ಕೆನೆಯನ್ನು ಸೆರಗಿಗೆ ಒರೆಸಿಕೊಂಡರು, ಬಾಗಿಲು ಸರಿಸಿದರು.

“ಲೇ, ಸಹಿ ಆಗಿಲ್ಲ! ಮಾತುಕತೆ ನಡೀವಾಗ ಎದ್ದು ಹೋಗ್ಬಾರದು!”

“ನೀವು ಸಹಿ ಹಾಕಿಟ್ಟಿರಿ. ನಂಗೆ ಕೆಲಸ ಇದೆ.”

ತಿಮ್ಮಯ್ಯ ಸುತ್ತ ನೋಡಿದರು. ಮಗ ಕಾರ್ಪೆಟ್ಟು ನೋಡುತ್ತಿದ್ದ, ಸೊಸೆ ಎರಡನೆಯ ಕೇಕು ತೆಗೆಯುತ್ತಿದ್ದಳು. ‘ಐದರಿಂದ ಆರು ನಾಗಮಣಿಯದು. ಆ ಹೊತ್ತಿನ ಕಾಫಿ, ತಿಂಡಿ ತಿಮ್ಮಯ್ಯನದು. ಯಾವ ಡಬ್ಬಿ ಎಲ್ಲಿದೆ ಎಂದು ಆ ಅವಧಿಯಲ್ಲಿ ಕೇಳತಕ್ಕದ್ದಲ್ಲ’ ಎಂದು ಬರೆದು ಸಹಿ ಹಾಕಿದರು. ಹಿತಾ ಸಾಕ್ಷಿ ಹಾಕಿದಳು. ನಾಗಮಣಿ ಚಪ್ಪಲಿ ಬಿಟ್ಟು ಸೊಸೆಯ ಶೂ ಹಾಕಿಕೊಂಡು ಆಗಲೇ ಓಣಿಯಲ್ಲಿದ್ದರು.

ಒಬ್ಬರಿಂದೊಬ್ಬರು ಒಂದೂವರೆ ಮೀಟರ್ ದೂರವಿರಬೇಕು ಎಂದು ಸರ್ಕಾರದ ಆಜ್ಞೆ. ಅಷ್ಟು ದೂರದಿಂದ ಸೈಕಲ್ ಕಲಿಸುವುದು ಹೇಗೆ? ಟ್ರೂಸ್ ಒಂದು ಪೊರಕೆಯ ಉದ್ದ ಕೋಲನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿದ್ದರು. ಅದರ ತುದಿ ಹಿಡಿದು, ಆನೆಯ ಹಿಂದಿನ ಮಾವುತನ ಹಾಗೆ ಓಡುತ್ತಿದ್ದರು. ಸೈಕಲ್ ಓಲಿದರೆ ಕೋಲಿನಿಂದ ನೆಟ್ಟಗೆ ಮಾಡುವುದು, ನಿಲ್ಲಬೇಕಾದರೆ ಕೋಲು ಹಿಡಿದು ಎಳೆಯುವುದು. ಮೊದಲ ದಿನ ನಾಗಮಣಿ ಬೇಲಿಗೆ ಬಿದ್ದರು. ಎರಡನೆಯ ದಿನ ಇನ್ನೊಬ್ಬರ ಬೇಲಿಗೆ ಬಿದ್ದರು. ಮೂರನೆಯ ದಿನ ಬೀಳುವುದಕ್ಕೆ ಬೇಲಿಯಿಲ್ಲದ ಜಾಗ ಬೇಕೆಂದು ಟ್ರೂಸ್ ಅವರನ್ನು ಓಣಿ ಮುಗಿದಲ್ಲೇ ಶುರುವಾಗುವ, ಹುಲ್ಲುಗಾವಲಿನ ನಡುವಿನ ನೆಟ್ಟನೆ ಸೈಕಲ್ ದಾರಿಗೆ ಕರೆದುಕೊಂಡು ಹೋದರು. “ರೆಖ್ತ್‌ದೋರ್!” ಎಂದು ಕೂಗಿದರು. ನೇರ ಹೋಗು ಎಂದರ್ಥ. ನಾಗಮಣಿಯವರಿಗೆ ಬೇರೆ ಕಡೆ ಹೋಗುವುದು ಗೊತ್ತೂ ಇರಲಿಲ್ಲ.

ನಾಲ್ಕನೆಯ ದಿನ ಅದೇ ದಾರಿಯಲ್ಲಿ ಚಕ್ರ ಹದವಾಗಿ ತಿರುಗುತ್ತಿತ್ತು. ಹಿಂದಿನಿಂದ ದಬದಬ ಹೆಜ್ಜೆಯ ಸದ್ದು ಬಂತು. ಟ್ರೂಸ್ ಇಷ್ಟು ಭಾರವಾಗಿ ಓಡುವವರಲ್ಲ.

“ನಾಗೂ! ಕಡ್ಲೆಹಿಟ್ಟು ಎಲ್ಲಿಟ್ಟಿದೀಯೆ?”

ಎಡಗಡೆ ಹುಲ್ಲಿನ ಮೇಲೆ ತಿಮ್ಮಯ್ಯ ಓಡುತ್ತಿದ್ದರು. ಕೈಯಲ್ಲಿ ಸೌಟು. ಮೈಮೇಲೆ ಪೂಜಿತಾಳ ಹೂವಿನ ಏಪ್ರನ್.

“ಒಪ್ಪಂದ ಓದ್ಕೊಳಿ!”

“ಓದ್ದೆ ಕಣೆ! ಬರೆದಿದ್ದೇ ನಾನು! ಆದ್ರೆ ಎಣ್ಣೆ ಕಾಯ್ತಾ ಇದೆ!”

“ಒಲೆ ಆರಿಸಿ ಬಂದ್ರಾ?”

ತಿಮ್ಮಯ್ಯ ಇದ್ದಲ್ಲೇ ನಿಂತು, ಕೈಯ ಸೌಟು ನೋಡಿ, ತಿರುಗಿ ಮನೆಯ ಕಡೆ ಬಂದದ್ದಕ್ಕಿಂತ ಜೋರಾಗಿ ಓಡಿದರು. ಏಪ್ರನ್ನಿನ ದಾರ ಹಿಂದೆ ಹಾರುತ್ತಿತ್ತು. ನಾಗಮಣಿಯವರ ಕಾಲು ತಾನಾಗಿ ನಿಲ್ಲಹೊರಟಿತು. ನಲವತ್ತು ವರ್ಷದ ಅಭ್ಯಾಸ. ಎಣ್ಣೆ ಎಂದ ಕೂಡಲೇ ಎದ್ದು ಓಡುವ ಕಾಲು. ನಿಲ್ಲಿಸಬೇಕೆಂದು ಹಿಂದಕ್ಕೆ ಕೂಗಿದರು: “ಟ್ರೂಸ್!”

ಬಹಳ ದೂರದಲ್ಲಿ ಟ್ರೂಸ್ ನಿಂತಿದ್ದರು. ಅವರ ಕೈಯಲ್ಲಿ ಕೋಲಿತ್ತು. ಕೋಲಿನ ತುದಿಯಲ್ಲಿ ಕಟ್ಟಿದ್ದ ಹಗ್ಗ ಇತ್ತು. ಸೈಕಲ್ ಇರಲಿಲ್ಲ. ಅವರು ಮುಷ್ಟಿ ಎತ್ತಿ ತೋರಿಸಿದರು.

ಮನೆಯಲ್ಲಿ ಚಿರಂತನನಿದ್ದಾನೆ, ಪೂಜಿತಾ ಇದ್ದಾಳೆ, ಇಬ್ಬರಿಗೂ ಒಲೆಯ ಗುಂಡಿ ತಿರುಗಿಸುವಷ್ಟು ವಿದ್ಯೆಯಿದೆ ಎಂಬ ವಿಚಾರ ನಾಗಮಣಿಯವರ ತಲೆಗೆ ಆ ದಾರಿಯಲ್ಲಿ ಹೋಗುತ್ತ ಹೋಗುತ್ತ ಬಂತು. ಕಾಲು ಮತ್ತೆ ತುಳಿಯತೊಡಗಿತು. ಒಂದು ಹಸು ತಲೆಯೆತ್ತಿ ನೋಡಿತು. ಮುಂದೆ ನೀರಿನ ಕಾಲುವೆ, ಅದರ ಮೇಲಿಂದ ಎದುರುಗಾಳಿ. ಅದು ಬಲವಾಗುತ್ತ ಬಲವಾಗುತ್ತ, ಕೊನೆಗೆ ಸೈಕಲ್ಲನ್ನು ಕೈಯಿಟ್ಟು ಹಿಡಿದ ಹಾಗೆ ತಾನೇ ನಿಲ್ಲಿಸಿತು. ನಾಗಮಣಿ ಕಾಲೂರಿ ಇಳಿದರು. ಸೈಕಲ್ಲಿನ ಮೇಲೆ ಕೂತೇ ತಿರುಗಿಸುವುದನ್ನು ಕಲಿತಿರಲಿಲ್ಲವಾದ್ದರಿಂದ, ಎರಡೂ ಕೈಯಿಂದ ಎತ್ತಿ, ಮಂಚದ ದಿಕ್ಕು ಬದಲಿಸುವ ಹಾಗೆ ಅದನ್ನು ತಿರುಗಿಸಿ ಇಟ್ಟರು. ದೂರದ ಗಡಿಯಾರದ ಗೋಪುರ ಆರು ಹೊಡೆಯಿತು. ಟ್ರೂಸ್ ಊಟಕ್ಕೆ ಹೊರಟುಹೋಗಿದ್ದರು. ದಾರಿ ಪೂರ್ತಿ ಖಾಲಿ.

ಸೆರಗು ಸಿಕ್ಕಿಸಿಕೊಂಡು ನಾಗಮಣಿ ಹತ್ತಿ ಕೂತರು. ಈಗ ಗಾಳಿ ಬೆನ್ನಿಗಿತ್ತು. ಬ್ರೇಕು ಹಿಡಿಯುವುದನ್ನು ಅವರಿಗೆ ಇನ್ನೂ ಯಾರೂ ಹೇಳಿಕೊಟ್ಟಿರಲಿಲ್ಲ.